ಹಡಗು ನಾಲ್ಕಕ್ಕೆ ಹೊರಡುತ್ತೆ. ನೀವು ಎಷ್ಟಕ್ಕೆ ಹೋಗಬೇಕು?

ಕ್ರೂಸ್ ಅಂದ ತಕ್ಷಣ ಕೇಳುಗರು ನನ್ನನ್ನ ಕೇಳೋ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಒಂದು, ಸಸ್ಯಾಹಾರ ಸಿಗುತ್ತಾ? ಅದಕ್ಕೆ ಉತ್ತರ ಸುಲಭ, ಸಿಗುತ್ತೆ, ಮುಂಚೆ ತಿಳಿಸಿದರೆ ಇನ್ನೂ ಚೆನ್ನಾಗಿ ಸಿಗುತ್ತೆ. ಎರಡನೇದು, ‘ಟಿಕೆಟ್‌ನಲ್ಲಿ ಸಂಜೆ 4 ಗಂಟೆ ಅಂತ ಇದೆ, ನಾವು ಎಷ್ಟೊತ್ತಿಗೆ ಬಂದರಿಗೆ ಹೋಗ್ಬೇಕು?’ ಈ ಎರಡನೇ ಪ್ರಶ್ನೆ ಕೇಳೋಕೆ ಸಣ್ಣದು. ಆದರೆ ಇದರಲ್ಲಿ ಲೆಕ್ಕ ತಪ್ಪಿದರೆ ವರ್ಷಗಟ್ಟಲೆ ಕೂಡಿಟ್ಟ ದುಡ್ಡು, ಊರಿಂದ ಕರೆಸಿಕೊಂಡ ಅಪ್ಪ-ಅಮ್ಮನ ಪ್ರವಾಸ, ಎಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತೆ. ಹಾಗಾಗಿ ಇವತ್ತಿನ ಸಂಚಿಕೆ ಪೂರ್ತಿ ಇದಕ್ಕೇ.

ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಬಂದರು ಇರೋ ಊರಿಗೆ ಹಿಂದಿನ ದಿನವೇ ತಲುಪಿ. ಹೊರಡೋ ದಿನ, ಕಂಪನಿ ನಿಮಗೆ ಕೊಟ್ಟಿರೋ ಸಮಯಕ್ಕೆ ಸರಿಯಾಗಿ ಟರ್ಮಿನಲ್‌ಗೆ ಹೋಗಿ. ಅದಕ್ಕಿಂತ ತುಂಬಾ ಮುಂಚೆಯೂ ಬೇಡ, ತಡವಾಗಿಯೂ ಬೇಡ. ಏನೇ ಆದರೂ ಹೊರಡೋ ಸಮಯಕ್ಕೆ ಎರಡು ಗಂಟೆ ಇರುವಾಗ ನೀವು ಹಡಗಿನ ಒಳಗಿರಬೇಕು. ಇಷ್ಟೇ. ಯಾಕೆ ಅಂತ ಗೊತ್ತಿದ್ದರೆ ಈ ಮಾತನ್ನ ಪಾಲಿಸೋದು ಸುಲಭ, ಅದಕ್ಕೆ ಒಂದೊಂದಾಗಿ ಹೇಳ್ತೀನಿ.

ಮೊದಲನೇದು, ‘4 ಗಂಟೆ’ ಅಂದ್ರೆ ಏನು?

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ 4 ಗಂಟೆ ಬಸ್ಸು ಅಂದ್ರೆ ನಾಲ್ಕಕ್ಕೆ ಡ್ರೈವರ್ ಸೀಟಿಗೆ ಬರ್ತಾರೆ. ಓಡಿ ಬರೋರನ್ನ ಕಂಡರೆ ಕಂಡಕ್ಟರ್ ಒಂದು ಸೀಟಿ ಊದಿ ನಿಲ್ಲಿಸ್ತಾರೆ. ಹಡಗಿನಲ್ಲಿ 4 ಗಂಟೆ ಅಂದ್ರೆ ದಡಕ್ಕೆ ಕಟ್ಟಿದ ಹಗ್ಗ ಬಿಚ್ಚೋ ಸಮಯ. ಅಷ್ಟೊತ್ತಿಗೆ ಜನ ಹತ್ತೋ ಸೇತುವೆ ತೆಗೆದಿರ್ತಾರೆ, ಬಾಗಿಲು ಮುಚ್ಚಿರ್ತಾರೆ, ಬಂದರಿನ ಪೈಲಟ್ ಹಡಗಿನ ಮೇಲೆ ಬಂದಿರ್ತಾರೆ. ಪೈಲಟ್ ಅಂದ್ರೆ ವಿಮಾನದವರಲ್ಲ. ಆ ಬಂದರಿನ ಕಾಲುವೆ, ಆಳ, ಸೆಳೆತ ಎಲ್ಲ ಗೊತ್ತಿರೋ, ಹಡಗನ್ನ ಹೊರಗೆ ದಾಟಿಸೋ ಸ್ಥಳೀಯ ನಾವಿಕ. ಅವರ ಸಮಯ, ಬೇಕಾದಲ್ಲಿ ಟಗ್ ದೋಣಿಗಳ ಸಮಯ, ಕಾಲುವೆಯಲ್ಲಿ ಬರೋ-ಹೋಗೋ ಬೇರೆ ಹಡಗುಗಳ ಸರದಿ, ಎಲ್ಲ ಮುಂಚೆಯೇ ನಿಗದಿಯಾಗಿರುತ್ತೆ. ಇಲ್ಲಿ ಅರ್ಧ ಗಂಟೆ ತಡವಾದರೆ ಮುಂದಿನ ಬಂದರು ಸಮಯಕ್ಕೆ ಮುಟ್ಟೋಕೆ ವೇಗ ಹೆಚ್ಚಿಸಬೇಕು, ಅಂದ್ರೆ ಇಂಧನ ಹೆಚ್ಚು ಸುಡಬೇಕು. ಒಬ್ಬರಿಗಾಗಿ ಕಾಯೋಕೆ ಆ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ.

ಇದರ ಮೇಲೆ ಕಾನೂನಿದೆ. ಅಮೆರಿಕದಿಂದ ಹೊರಡೋ ಹಡಗಾದರೆ, ಒಳಗೆ ಯಾರ್ಯಾರಿದ್ದಾರೆ ಅನ್ನೋ ಅಂತಿಮ ಪಟ್ಟಿಯನ್ನ ಹೊರಡೋಕೆ ಕನಿಷ್ಠ 60 ನಿಮಿಷ ಮುಂಚೆ ಅಲ್ಲಿನ ಸುಂಕ ಮತ್ತು ಗಡಿ ರಕ್ಷಣಾ ಇಲಾಖೆಗೆ ಕಳಿಸಲೇಬೇಕು. ಪಟ್ಟಿ ಹೋದ ಮೇಲೆ ಹೊಸ ಹೆಸರು ಸೇರಿಸೋದು ಟರ್ಮಿನಲ್ ಬಾಗಿಲಲ್ಲಿ ನಿಂತ ಸಿಬ್ಬಂದಿ ಕೈಯಲ್ಲಿಲ್ಲ. ಅದಕ್ಕೇ ಕಂಪನಿಗಳು ಕೊನೆಯ ಪ್ರವೇಶದ ಸಮಯವನ್ನ ಒಂದು ಗಂಟೆ, ಒಂದೂವರೆ ಗಂಟೆ, ಕೆಲವು ಎರಡು ಗಂಟೆ ಮುಂಚೆ ಇಡ್ತವೆ. ನಿಮ್ಮ ಕಂಪನಿಯದು ಎಷ್ಟು ಅನ್ನೋದು ಬೋರ್ಡಿಂಗ್ ಪಾಸ್‌ನಲ್ಲಿರುತ್ತೆ. ಅಲ್ಲಿ ಹೊರಡೋ ಸಮಯ ದಪ್ಪ ಅಕ್ಷರದಲ್ಲಿ, ಕೊನೆಯ ಪ್ರವೇಶದ ಸಮಯ ಸಣ್ಣ ಅಕ್ಷರದಲ್ಲಿ ಇರಬಹುದು. ನಿಮಗೆ ಬೇಕಾದದ್ದು ಆ ಸಣ್ಣ ಅಕ್ಷರದ್ದು.

ಹಾಗಾದ್ರೆ ಬೆಳಿಗ್ಗೆ 8ಕ್ಕೇ ಹೋಗಿ ಕೂತುಬಿಡೋಣ ಅಂತೀರಾ? ರೈಲಿಗೆ ಎರಡು ಗಂಟೆ ಮುಂಚೆ ಹೋಗಿ ಪ್ಲಾಟ್‌ಫಾರಂನಲ್ಲಿ ಟ್ರಂಕ್ ಮೇಲೆ ಕೂತು ಬೆಳೆದ ಜನ ನಾವು, ಆ ಅಭ್ಯಾಸ ಬೇಗ ಬಿಡಲ್ಲ. ಆದರೆ ಇಲ್ಲಿ ಅದರಿಂದ ಲಾಭ ಇಲ್ಲ. ಯಾಕೆ ಅಂದ್ರೆ, ನೀವು ಹತ್ತಬೇಕಾದ ಹಡಗು ಅದೇ ದಿನ ಬೆಳಗಿನ ಜಾವ ಹಿಂದಿನ ಪ್ರವಾಸ ಮುಗಿಸಿ ಬಂದಿರುತ್ತೆ. ಬೆಳಿಗ್ಗೆ 7ರಿಂದ ಸುಮಾರು 10ರವರೆಗೆ ಆ ಜನ ಇಳೀತಾ ಇರ್ತಾರೆ. ಅದೇ ಟರ್ಮಿನಲ್, ಅದೇ ರಸ್ತೆ, ಅದೇ ಟ್ಯಾಕ್ಸಿ ಸಾಲು. ದೊಡ್ಡ ಹಡಗು ಅಂದ್ರೆ ಎಷ್ಟು ಜನ ಅಂತ ಅಂದಾಜು ಬೇಕಲ್ಲ? 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, ಪೂರ್ತಿ ತುಂಬಿದರೆ 7,600. ನಮ್ಮ ಒಂದು ಸಣ್ಣ ಊರಿನಷ್ಟು ಜನ ಬೆಳಿಗ್ಗೆ ಇಳಿದು, ಇನ್ನೊಂದು ಊರಿನಷ್ಟು ಜನ ಮಧ್ಯಾಹ್ನ ಹತ್ತಬೇಕು. ನಡುವೆ ಸಾವಿರಾರು ಕೋಣೆ ಗುಡಿಸಿ, ಹಾಸಿಗೆ ಬದಲಿಸಿ, ವಾರಕ್ಕಾಗೋಷ್ಟು ತರಕಾರಿ, ಹಾಲು ತುಂಬಬೇಕು. ಆ ಹೊತ್ತಿನಲ್ಲಿ ನೀವು ಸೂಟ್‌ಕೇಸ್ ಎಳ್ಕೊಂಡು ಹೋದರೆ ಇಳಿಯೋರಿಗೂ ಅಡ್ಡ, ನಿಮಗೂ ಕೂರೋಕೆ ಜಾಗ ಸಿಗೋದು ಕಷ್ಟ. ಬಹಳಷ್ಟು ಬಂದರುಗಳಲ್ಲಿ ಸಮಯಕ್ಕೆ ಮುಂಚೆ ಬಂದವರನ್ನ ಬಾಗಿಲಿಂದ ಹೊರಗೇ ನಿಲ್ಲಿಸ್ತಾರೆ. ವಯಸ್ಸಾದವರು ಜೊತೆಗಿದ್ದರೆ ಬಿಸಿಲಲ್ಲಿ ಅದೊಂದು ಶಿಕ್ಷೆ.

ಅದಕ್ಕೇ ಸಮಯ ಹಂಚೋ ಪದ್ಧತಿ ಬಂತು. ಆನ್‌ಲೈನ್ ಚೆಕ್-ಇನ್ ಮಾಡುವಾಗ ಅರ್ಧರ್ಧ ಗಂಟೆಯ ಸ್ಲಾಟ್ ತೋರಿಸುತ್ತೆ: 11 ಗಂಟೆ, 11.30, 12, ಹೀಗೆ. ಚೆಕ್-ಇನ್ ಕೆಲವು ಕಂಪನಿಗಳಲ್ಲಿ ಒಂದೂವರೆ ತಿಂಗಳ ಮುಂಚೆ ತೆರೆಯುತ್ತೆ, ಕೆಲವದರಲ್ಲಿ ಎರಡು-ಮೂರು ವಾರ ಮುಂಚೆ. ನಮ್ಮ ರೈಲ್ವೆ ತತ್ಕಾಲ್ ಇದ್ದ ಹಾಗೆ, ತೆರೆದ ಸ್ವಲ್ಪ ಹೊತ್ತಿಗೇ ಮುಂಚಿನ ಸ್ಲಾಟ್‌ಗಳು ಖಾಲಿ. ಪಾಸ್‌ಪೋರ್ಟ್ ವಿವರ, ಫೋಟೊ, ಕಾರ್ಡ್ ನಂಬರ್ ಹತ್ತಿರ ಇಟ್ಕೊಂಡು ಕೂತ್ಕೊಳ್ಳಿ.

ಯಾವ ಸ್ಲಾಟ್ ಒಳ್ಳೇದು? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಹಡಗಿನ ಮೊದಲ ದಿನದ ಮಧ್ಯಾಹ್ನದ ಊಟ ನೀವು ಕೊಟ್ಟ ದುಡ್ಡಿನಲ್ಲೇ ಸೇರಿದೆ. ಈಜುಕೊಳ ಖಾಲಿ ಇರುತ್ತೆ. ಮಕ್ಕಳು ಜೊತೆಗಿದ್ದು, ದಿನವನ್ನ ಪೂರ್ತಿ ಬಳಸ್ಕೋಬೇಕು ಅಂದ್ರೆ 11, 11.30ರ ಸ್ಲಾಟ್ ತಗೊಳ್ಳಿ. ಆದರೆ ಕೋಣೆಗಳು ಸಿದ್ಧ ಆಗೋದು ಸುಮಾರು 1.30ರ ಹೊತ್ತಿಗೆ. ಅಲ್ಲಿವರೆಗೆ ಕೈಚೀಲ ಹಿಡ್ಕೊಂಡೇ ಓಡಾಡಬೇಕು. ಮಂಡಿನೋವಿರೋ ಅಜ್ಜ-ಅಜ್ಜಿ ಇದ್ದರೆ 1 ಗಂಟೆಯ ಸ್ಲಾಟ್ ಹಿತ. ಹೋಟೆಲಿನಲ್ಲಿ ಆರಾಮಾಗಿ ತಿಂಡಿ ಮುಗಿಸಿ ಬಂದು, ಊಟ ಮಾಡಿ, ಸೀದಾ ಕೋಣೆಗೆ ಹೋಗಿ ಮಲಗಬಹುದು. ಗಾಲಿಕುರ್ಚಿ ಬೇಕಾದರೆ ಬುಕಿಂಗ್ ಸಮಯದಲ್ಲೇ ಹೇಳಿ. ಬಂದರಿನಲ್ಲಿ ನಿಂತು ಕೇಳಿದರೆ ಕುರ್ಚಿ ತಳ್ಳೋರು ಬಿಡುವಾಗೋವರೆಗೆ ಕಾಯಬೇಕಾಗುತ್ತೆ. ಕೊನೆಯ ಸ್ಲಾಟ್ ಮಾತ್ರ ಬೇಕಂತಲೇ ತಗೋಬೇಡಿ. ಸಾಲು ಕಡಿಮೆ ಇರುತ್ತೆ ನಿಜ, ಆದರೆ ಟೈರ್ ಪಂಕ್ಚರ್ ಆದರೆ, ಪಾಸ್‌ಪೋರ್ಟ್ ಹೋಟೆಲಿನಲ್ಲೇ ಉಳಿದರೆ, ಸರಿಪಡಿಸ್ಕೊಳ್ಳೋಕೆ ಸಮಯ ಇರಲ್ಲ.

ಇನ್ನೊಂದು ಕಾರಣ ಇದೆ, ಸ್ವಲ್ಪ ಗಂಭೀರವಾದದ್ದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ‘ಕೋಸ್ಟಾ ಕಾನ್ಕಾರ್ಡಿಯಾ’ ಹಡಗು ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಅವತ್ತೇ ಸಂಜೆ ಚಿವಿತವೆಕಿಯ ಬಂದರಿನಲ್ಲಿ ಹತ್ತಿದ ನೂರಾರು ಜನಕ್ಕೆ ಲೈಫ್ ಜಾಕೆಟ್ ಎಲ್ಲಿದೆ, ಯಾವ ಜಾಗದಲ್ಲಿ ಸೇರಬೇಕು ಅನ್ನೋ ತಾಲೀಮು ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ ಹತ್ತಿದ 24 ಗಂಟೆ ಒಳಗೆ ತಾಲೀಮು ಮಾಡಿಸಿದರೆ ಸಾಕಿತ್ತು. ಆ ದುರಂತದ ನಂತರ ಅಂತಾರಾಷ್ಟ್ರೀಯ ನಿಯಮ ಬದಲಾಯ್ತು. 2015ರ ಜನವರಿ 1ರಿಂದ, ಹಡಗು ಹೊರಡೋ ಮುಂಚೆ ಅಥವಾ ಹೊರಟ ಕೂಡಲೇ ತಾಲೀಮು ಆಗಲೇಬೇಕು. ಈಗ ಬಹಳ ಕಡೆ ವಿಡಿಯೊವನ್ನ ಫೋನಿನಲ್ಲೋ ಕೋಣೆಯ ಟಿ.ವಿ.ಯಲ್ಲೋ ನೋಡಿ, ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಮುಗೀತು. ಹತ್ತು ನಿಮಿಷದ ಕೆಲಸ. ಸಾವಿರಾರು ಜನ ಅದನ್ನ ಮಾಡಿ ಮುಗಿಸಬೇಕಲ್ಲ, ಅದಕ್ಕೂ ಜನ ಹೊತ್ತಿಗೆ ಮುಂಚೆ ಒಳಗಿರಬೇಕು. ಹತ್ತಿದ ಕೂಡಲೇ, ಊಟಕ್ಕೆ ಹೋಗೋ ದಾರಿಯಲ್ಲೇ ಅದನ್ನ ಮುಗಿಸಿಬಿಡಿ.

ಈಗ ಹಿಂದಿನ ದಿನದ ವಿಷಯಕ್ಕೆ ಬರ್ತೀನಿ. ಹಡಗು ತಪ್ಪಿಸಿಕೊಳ್ಳೋರಲ್ಲಿ ಹೆಚ್ಚಿನವರು ಬಂದರಿನ ಸಾಲಿನಲ್ಲಿ ತಪ್ಪಿಸಿಕೊಳ್ಳಲ್ಲ. ಅವರು ದಾರಿಯಲ್ಲೇ ತಪ್ಪಿಸಿಕೊಂಡಿರ್ತಾರೆ.

ಟೆಕ್ಸಸ್‌ನಲ್ಲಿ ಇರೋ ನಮ್ಮ ಕನ್ನಡದ ಕುಟುಂಬಗಳಿಗೆ ಗ್ಯಾಲ್ವೆಸ್ಟನ್ ಬಂದರು ಗೊತ್ತು. ಊರಿಂದ ಅಪ್ಪ-ಅಮ್ಮ ಬಂದಾಗ ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಕಡೆಯವರು ಅಲ್ಲಿಂದ ಮೆಕ್ಸಿಕೊ ಕಡೆ ಹೋಗಿ ಬರ್ತಾರೆ. ಒಂದು ಸಲ ನನ್ನ ತಂಗಿ ಮನೆಯವರನ್ನ ಅಲ್ಲಿ ಹತ್ತಿಸಿ, ಹಡಗು ಹೊರಡೋದನ್ನ ನೋಡ್ಕೊಂಡೇ ಹೋಗೋಣ ಅಂತ ಹಾರ್ಬರ್‌ಸೈಡ್ ರಸ್ತೆ ಹತ್ತಿರ ನಿಂತಿದ್ದೆ. ಮೂರು ಗಂಟೆ ದಾಟಿತ್ತು. ಒಂದು ವ್ಯಾನ್ ಬಂದು ನಿಲ್ತು. ಇಳಿದವರು ಕನ್ನಡದವರೇ. ಮಗ ಓಡಿಹೋಗಿ ಬಾಗಿಲಲ್ಲಿ ಮಾತಾಡಿ, ಹಾಗೇ ನಿಧಾನವಾಗಿ ವಾಪಸ್ ಬಂದ. ಡಲ್ಲಾಸ್‌ನಿಂದ ಬೆಳಿಗ್ಗೆ ಹೊರಟಿದ್ದರಂತೆ, ಹೆದ್ದಾರಿ 45ರಲ್ಲಿ ಅಪಘಾತ, ಎರಡು ಗಂಟೆ ನಿಂತಲ್ಲೇ ನಿಂತಿದ್ದರಂತೆ. ಸೀರೆ ಮೇಲೆ ಸ್ವೆಟರ್ ಹಾಕಿದ್ದ ತಾಯಿ ಕೇಳಿದರು, ‘ಹಡಗು ಇಲ್ಲೇ ಇದೆಯಲ್ಲೋ, ಯಾಕೆ ಬಿಡಲ್ವಂತೆ?’ ಮಗನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಸೂಟ್‌ಕೇಸ್ ಮೇಲೆ ಕೂತು, ‘ಬಿಡೋ, ಸಮುದ್ರ ಅಂತೂ ಕಾಣ್ತಲ್ಲ’ ಅಂದರು. ಹಡಗು ಮುಕ್ಕಾಲು ಗಂಟೆ ಕಣ್ಣೆದುರಿಗೇ ನಿಂತಿತ್ತು, ಆಮೇಲೆ ಹೋಯ್ತು.

ಡಲ್ಲಾಸ್‌ನಿಂದ ಗ್ಯಾಲ್ವೆಸ್ಟನ್‌ಗೆ ದಾರಿ ಬಿಡುವಾಗಿದ್ದರೂ ನಾಲ್ಕೂವರೆ, ಐದು ಗಂಟೆ ಬೇಕು. ಅದು ಅವತ್ತೇ ಹೊರಡೋ ದೂರ ಅಲ್ಲ. ನನ್ನ ಲೆಕ್ಕ ಇಷ್ಟು: ಬಂದರು ಕಾರಿನಲ್ಲಿ ಎರಡು ಗಂಟೆಗಿಂತ ದೂರ ಇದ್ದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ. ವಿಮಾನದಲ್ಲಿ ಹೋಗೋದಾದ್ರೆ ದೂರ ಎಷ್ಟೇ ಇರಲಿ, ಹಿಂದಿನ ದಿನವೇ. ಭಾರತದಿಂದ ನೇರವಾಗಿ ಹೋಗೋರಾದರೆ ಎರಡು ದಿನ ಮುಂಚೆ. ಬ್ಯಾಗ್ ತಡವಾಗಿ ಬಂದರೂ ಕೈಸೇರುತ್ತೆ, ನಿದ್ದೆಯೂ ಸರಿಹೋಗುತ್ತೆ. ಒಂದು ರಾತ್ರಿಯ ಹೋಟೆಲ್ ಖರ್ಚು ದುಂದು ಅಂತ ಅನ್ನಿಸಬಹುದು. ಹಡಗು ತಪ್ಪಿದರೆ ಟಿಕೆಟ್ ಹಣ ಸಾಮಾನ್ಯವಾಗಿ ವಾಪಸ್ ಬರಲ್ಲ. ನಾಲ್ಕು ಜನರ ಟಿಕೆಟ್ ಮುಂದೆ ಆ ಹೋಟೆಲ್ ಬಾಡಿಗೆ ಎಷ್ಟು ಅಂತ ನೀವೇ ನೋಡಿ. ಪ್ರವಾಸ ವಿಮೆ ಮಾಡಿಸಿದರೆ, ವಿಮಾನ ತಡವಾಗಿ ಹಡಗು ತಪ್ಪಿದ್ದಕ್ಕೆ ಹಣ ಕೊಡುತ್ತಾ ಅನ್ನೋ ಸಾಲನ್ನ ಮೊದಲೇ ಓದಿ.

‘ತಪ್ಪಿದರೇನು, ಮುಂದಿನ ಬಂದರಿನಲ್ಲಿ ಹತ್ತಿದರಾಯ್ತು’ ಅಂತ ಕೆಲವರು ಧೈರ್ಯ ಹೇಳ್ತಾರೆ. ಅಷ್ಟು ಸುಲಭ ಇಲ್ಲ. ಅಮೆರಿಕದಲ್ಲಿ 1886ರ ಒಂದು ಕಾಯ್ದೆ ಇದೆ. ವಿದೇಶಿ ಧ್ವಜದ ಹಡಗು ಪ್ರಯಾಣಿಕರನ್ನ ಅಮೆರಿಕದ ಒಂದು ಬಂದರಿಂದ ಇನ್ನೊಂದು ಬಂದರಿಗೆ ಸುಮ್ಮನೆ ಸಾಗಿಸೋ ಹಾಗಿಲ್ಲ. ದಾರಿಯಲ್ಲಿ ದೂರದ ವಿದೇಶಿ ಬಂದರು ಮುಟ್ಟಿರಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾ ಥರದ ವಿದೇಶಿ ಧ್ವಜದವು. ಹಾಗಾಗಿ ಸಿಯಾಟಲ್‌ನಲ್ಲಿ ತಪ್ಪಿದ ಅಲಾಸ್ಕಾ ಹಡಗನ್ನ ಕೆಚಿಕನ್‌ಗೆ ಹಾರಿಹೋಗಿ ಹತ್ತಿ, ಸಿಯಾಟಲ್‌ನಲ್ಲಿ ಇಳೀತೀನಿ ಅಂದರೆ ಆ ಕಾಯ್ದೆ ಅಡ್ಡ ಬರುತ್ತೆ. ಕೆನಡಾದ ವಿಕ್ಟೋರಿಯಾದಲ್ಲಿ ಹಡಗು ನಿಂತರೂ ಲೆಕ್ಕಕ್ಕಿಲ್ಲ, ಅದು ಹತ್ತಿರದ ವಿದೇಶ.

ಮೆಕ್ಸಿಕೊದ ಕೊಜುಮೆಲ್‌ಗೆ ಹೋಗಿ ಹಿಡಿಯೋಣ ಅಂದ್ರೆ ಬೇರೆ ತೊಡಕು. ಅಮೆರಿಕದಲ್ಲಿ ಹುಟ್ಟಿದ ನಿಮ್ಮ ಮಗು ಅಲ್ಲಿನ ಪ್ರಜೆ. ಹೊರಟ ಬಂದರಿಗೇ ಮರಳೋ ಪ್ರವಾಸಕ್ಕೆ ಜನನ ಪ್ರಮಾಣಪತ್ರ ಇದ್ದರೆ ಹಡಗು ಹತ್ತಬಹುದು. ಆದರೆ ಆ ಪತ್ರ ಹಿಡಿದು ಮೆಕ್ಸಿಕೊಗೆ ವಿಮಾನ ಹತ್ತೋಕೆ ಆಗಲ್ಲ, ಪಾಸ್‌ಪೋರ್ಟ್ ಬೇಕು. ಅಪ್ಪ-ಅಮ್ಮನ ವೀಸಾ ಎಲ್ಲ ಸರಿ ಇದ್ದು, ಮಗುವಿನ ಪಾಸ್‌ಪೋರ್ಟ್ ಇಲ್ಲದೆ ಇಡೀ ಮನೆ ನಿಂತುಹೋಗಬಹುದು. ಹಾಗಾಗಿ ಮಕ್ಕಳಿಗೂ ಪಾಸ್‌ಪೋರ್ಟ್ ಮಾಡಿಸಿಯೇ ಹೊರಡಿ.

ಕ್ಯಾಪ್ಟನ್ ಮನಸ್ಸು ಕರಗುತ್ತೆ ಅನ್ನೋ ಆಸೆಯೂ ಬೇಡ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಊರು ನೋಡೋಕೆ ಇಳಿದಿದ್ದ ‘ನಾರ್ವೀಜಿಯನ್ ಡಾನ್’ ಹಡಗಿನ ಎಂಟು ಪ್ರಯಾಣಿಕರು ಹೇಳಿದ ಸಮಯಕ್ಕೆ ಮರಳಲಿಲ್ಲ. ಹಡಗು ಅವರನ್ನ ಬಿಟ್ಟೇ ಹೋಯ್ತು. ಅವರು ದೇಶದಿಂದ ದೇಶಕ್ಕೆ ಅಲೆದು, ಕೊನೆಗೆ ಸೆನೆಗಲ್‌ನಲ್ಲಿ ಹಡಗು ಸೇರಿದರು. ಅದು ನಡುದಾರಿಯ ಬಂದರು. ಹೊರಡೋ ಬಂದರಿನಲ್ಲೂ ನಿಯಮ ಅದೇ.

ಒಮ್ಮೊಮ್ಮೆ ಹಡಗೇ ತಡವಾಗಿ ಬರುತ್ತೆ. ಗ್ಯಾಲ್ವೆಸ್ಟನ್‌ನಲ್ಲಿ ಚಳಿಗಾಲದಲ್ಲಿ ಸಮುದ್ರದ ಮಂಜು ಕವಿದು ಕಾಲುವೆ ಮುಚ್ಚೋದುಂಟು. ಹಡಗು ಹೊರಗೇ ನಿಲ್ಲುತ್ತೆ, ನಿಮ್ಮ 12 ಗಂಟೆಯ ಸ್ಲಾಟ್ ಮುಂದಕ್ಕೆ ಹೋಗುತ್ತೆ. ಕಂಪನಿ ಇದನ್ನ ಮೆಸೇಜ್ ಅಥವಾ ಇಮೇಲ್ ಮಾಡಿ ತಿಳಿಸುತ್ತೆ. ಚೆಕ್-ಇನ್ ಮಾಡುವಾಗ ಊರಿನ ನಂಬರ್ ಕೊಟ್ಟು, ಆ ಸಿಮ್ ಅಲ್ಲಿ ಕೆಲಸ ಮಾಡದೆ ಇದ್ದರೆ ಸುದ್ದಿ ನಿಮಗೆ ಮುಟ್ಟಲ್ಲ. ಅವತ್ತು ನಿಮ್ಮ ಕೈಯಲ್ಲಿರೋ ಫೋನಿನ ನಂಬರನ್ನೇ ಕೊಡಿ.

ಬೆಂಗಳೂರಿನಿಂದ ಹೆಚ್ಚು ಜನ ಹೋಗೋದು ಸಿಂಗಪುರದ ಹಡಗಿಗೆ. ಅಲ್ಲಿ ಎರಡು ಕ್ರೂಸ್ ಟರ್ಮಿನಲ್ ಇವೆ ಅನ್ನೋದು ನೆನಪಿರಲಿ. ಒಂದು ಹಾರ್ಬರ್‌ಫ್ರಂಟ್‌ನಲ್ಲಿ, ಅದೇ ಹೆಸರಿನ ಮೆಟ್ರೊ ನಿಲ್ದಾಣದ ಪಕ್ಕ. ಇನ್ನೊಂದು ಮರೀನಾ ಬೇ ಕ್ರೂಸ್ ಸೆಂಟರ್, ಅದಕ್ಕೆ ಮರೀನಾ ಸೌತ್ ಪಿಯರ್ ನಿಲ್ದಾಣದಲ್ಲಿ ಇಳೀಬೇಕು. ಟ್ಯಾಕ್ಸಿಯವರಿಗೆ ‘ಕ್ರೂಸ್ ಟರ್ಮಿನಲ್’ ಅಂತಷ್ಟೇ ಹೇಳಿದರೆ ಬೇರೆ ಕಡೆ ಇಳಿಸಬಹುದು. ಇನ್ನೊಂದು, ಹಡಗು ಮಲೇಷ್ಯಾ ಅಥವಾ ಥಾಯ್ಲೆಂಡ್ ಮುಟ್ಟಿ ಸಿಂಗಪುರಕ್ಕೆ ಮರಳುತ್ತೆ. ಅಂದ್ರೆ ನೀವು ಸಿಂಗಪುರಕ್ಕೆ ಎರಡು ಸಲ ಪ್ರವೇಶ ಮಾಡ್ತೀರಿ. ಒಂದೇ ಪ್ರವೇಶದ ವೀಸಾ ಹಿಡಿದು ಹೋದರೆ ಚೆಕ್-ಇನ್ ಮೇಜಿನಲ್ಲೇ ನಿಲ್ಲಿಸ್ತಾರೆ. ಎಷ್ಟು ಬೇಗ ಹೋಗಿದ್ದರೂ ಆಗ ಪ್ರಯೋಜನ ಇಲ್ಲ.

ನಮ್ಮ ದೇಶದೊಳಗೆ ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗೋ ‘ಎಂಪ್ರೆಸ್’ ಹಡಗನ್ನ ನೀವು ಕೇಳಿರ್ತೀರಿ. 1990ರಲ್ಲಿ ಸೇವೆಗೆ ಬಂದ ಹಡಗು, 2021ರಿಂದ ಕಾರ್ಡೇಲಿಯಾ ಹೆಸರಿನಲ್ಲಿ ಇಲ್ಲಿ ಓಡ್ತಿದೆ. ಹತ್ತೋ ಜಾಗ ಬಲ್ಲಾರ್ಡ್ ಪಿಯರ್, ಅಂದ್ರೆ ದಕ್ಷಿಣ ಮುಂಬೈ. ವಿಮಾನ ನಿಲ್ದಾಣದಿಂದ ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು, ಅದೂ ಮುಂಬೈ ಟ್ರಾಫಿಕ್‌ನಲ್ಲಿ. ರೈಲಿನಲ್ಲಿ ಬಂದು ಸಿಎಸ್‌ಎಂಟಿಯಲ್ಲಿ ಇಳಿಯೋರಿಗೆ ಬಂದರು ತೀರಾ ಹತ್ತಿರ. ಬೆಳಗಿನ ವಿಮಾನ ಹಿಡಿದು ಮಧ್ಯಾಹ್ನ ಹಡಗು ಹತ್ತೋ ಧೈರ್ಯ ಇಲ್ಲೂ ಬೇಡ. ಹಿಂದಿನ ರಾತ್ರಿ ಫೋರ್ಟ್ ಅಥವಾ ಕೊಲಾಬಾ ಕಡೆ ಉಳ್ಕೊಂಡರೆ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ ಅಷ್ಟೆ.

ಕೊನೆಯದಾಗಿ ಚೀಲದ ಮಾತು. ಟರ್ಮಿನಲ್ ಬಾಗಿಲಲ್ಲಿ ಪೋರ್ಟರ್‌ಗಳು ನಿಮ್ಮ ದೊಡ್ಡ ಸೂಟ್‌ಕೇಸ್ ತಗೋತಾರೆ. ಅದಕ್ಕೆ ಕೋಣೆ ಸಂಖ್ಯೆ ಇರೋ ಟ್ಯಾಗ್ ಮನೆಯಲ್ಲೇ ಪ್ರಿಂಟ್ ಮಾಡಿ ಕಟ್ಟಿ. ಅದು ಕೋಣೆಗೆ ಬರೋದು ಸಂಜೆ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೆ. ಹಾಗಾಗಿ ಪಾಸ್‌ಪೋರ್ಟ್, ಬಿ.ಪಿ., ಶುಗರ್ ಮಾತ್ರೆ, ಇನ್ಸುಲಿನ್, ಕನ್ನಡಕ, ಚಾರ್ಜರ್, ಮಕ್ಕಳ ಈಜುಡುಗೆ ಎಲ್ಲ ಕೈಚೀಲದಲ್ಲಿ. ದೊಡ್ಡ ಸೂಟ್‌ಕೇಸ್‌ಗೆ ಪಾಸ್‌ಪೋರ್ಟ್ ಹಾಕಿ ಪೋರ್ಟರ್ ಕೈಗೆ ಕೊಟ್ಟರೆ ಚೆಕ್-ಇನ್ ಅಲ್ಲೇ ನಿಲ್ಲುತ್ತೆ. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇರಲಿ. ಕಾಯೋ ಸಾಮಾನುಗಳನ್ನ ಬೆಂಕಿಯ ಭಯಕ್ಕೆ ಹಡಗಿನಲ್ಲಿ ಬಿಡಲ್ಲ, ಸೂಟ್‌ಕೇಸನ್ನೇ ತಡೆದಿಟ್ಕೋತಾರೆ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ತಡ ಆಗ್ತಿದೆ ಅನ್ನಿಸಿದರೆ? ಬೋರ್ಡಿಂಗ್ ಪಾಸ್‌ನಲ್ಲಿ ತುರ್ತು ನಂಬರ್ ಇರುತ್ತೆ. ತಲುಪಿದ ಮೇಲೆ ನೋಡೋಣ ಅಂತ ಕೂರಬೇಡಿ, ತಡ ಆಗೋ ಸೂಚನೆ ಕಂಡ ಕೂಡಲೇ ಫೋನ್ ಮಾಡಿ. ಅವರು ಹಡಗು ನಿಲ್ಲಿಸ್ತಾರೆ ಅಂತಲ್ಲ. ಕಂಪನಿ ಮೂಲಕವೇ ವಿಮಾನ ಬುಕ್ ಮಾಡಿದ್ದರೆ ಮುಂದಿನ ಬಂದರಿಗೆ ತಲುಪಿಸೋ ದಾರಿ ಹುಡುಕ್ತಾರೆ; ನೀವೇ ಬುಕ್ ಮಾಡಿದ್ದರೂ ಎಲ್ಲಿ ಹತ್ತೋಕೆ ಅನುಮತಿ ಇದೆ, ಎಲ್ಲಿಲ್ಲ ಅಂತಾದರೂ ಸರಿಯಾಗಿ ಹೇಳ್ತಾರೆ.

ಕ್ರೂಸ್ ಟಿಕೆಟ್ ತಗೊಂಡ ದಿನವೇ ಕ್ಯಾಲೆಂಡರ್‌ನಲ್ಲಿ ಮೂರು ಗುರುತು ಹಾಕಿ: ಚೆಕ್-ಇನ್ ತೆರೆಯೋ ದಿನ, ಬಂದರಿನ ಊರಿಗೆ ತಲುಪೋ ದಿನ, ಕೊನೆಯ ಪ್ರವೇಶದ ಸಮಯ. ಈ ಮೂರು ಸರಿ ಇದ್ದರೆ ನಾಲ್ಕು ಗಂಟೆಗೆ ನೀವು ಮೇಲಿನ ಡೆಕ್‌ನಲ್ಲಿ ಕಾಫಿ ಹಿಡ್ಕೊಂಡು, ದಡ ದೂರ ಆಗೋದನ್ನ ನೋಡ್ತಿರ್ತೀರಿ.

ಹಡಗಿನ ಒಳಗೆ ಖರ್ಚು ಎಲ್ಲೆಲ್ಲಿ ಏರುತ್ತೆ, ಇಂಟರ್‌ನೆಟ್, ಟಿಪ್ಸ್, ದಡದ ಪ್ರವಾಸ, ಇದರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಮಾತಾಡೋಣ. ಅಲ್ಲಿವರೆಗೆ ನಮಸ್ಕಾರ.